ಒಂದೇ ಕೇಬಲ್‌ನಲ್ಲಿ ಫೋನೂ ನೆಟ್ಟೂ: ಹಳೆ ಮನೆಯ ಗೋಡೆ ಒಡೆಯದೆ ಮಾಡಿಕೊಳ್ಳುವ ಬಗೆ

ಬೆಂಗಳೂರಿನ ಹನುಮಂತನಗರದ ನಮ್ಮ ಮನೆ ಕಟ್ಟಿದ್ದು 1994ರಲ್ಲಿ. ನಡುಮನೆಯಿಂದ ಹಿಂದಿನ ಕೋಣೆಗೆ ಗೋಡೆಯೊಳಗೆ ಹೋಗಿರುವ ಪೈಪು ಒಂದೇ, ಅದೂ ಮುಕ್ಕಾಲು ಇಂಚಿನದು. ಆಗ ಅದರಲ್ಲಿ ಎಳೆದದ್ದು ಟೆಲಿಫೋನಿನ ಎರಡು ತಂತಿ ಅಷ್ಟೆ. ಈಗ ಮನೆಗೆ ಫೈಬರ್ ಬಂದಿದೆ. ಫೈಬರ್ ಡಬ್ಬಿ, ಅಂದರೆ ಓಎನ್‌ಟಿ, ಬಾಗಿಲ ಪಕ್ಕದ ಗೋಡೆಯಲ್ಲಿ ಕೂತಿದೆ. ನಮ್ಮ ಹಳೆಯ ಲ್ಯಾಂಡ್‌ಲೈನ್ ನಂಬರೂ ಅದೇ ಡಬ್ಬಿಯ ಫೋನ್ ಕಿಂಡಿಗೆ ಬಂದು ಸೇರಿದೆ. ಅಮ್ಮನ ಫೋನು ಇರಬೇಕಾದದ್ದು ಮಾತ್ರ ಹಿಂದಿನ ಕೋಣೆಯ ಮಂಚದ ಪಕ್ಕ. ಮೂವತ್ತು ವರ್ಷದಿಂದ ಅದರ ಜಾಗ ಅದೇ, ಕತ್ತಲಲ್ಲೂ ಅವರ ಕೈ ನೇರವಾಗಿ ಅಲ್ಲಿಗೇ ಹೋಗುತ್ತದೆ. ನನ್ನ ಕೆಲಸದ ಕಂಪ್ಯೂಟರೂ ಅದೇ ಕೋಣೆಯಲ್ಲಿದೆ. ಎರಡು ಗೋಡೆ ದಾಟಿ ಬರುವಷ್ಟರಲ್ಲಿ ವೈಫೈ ಸೊರಗಿಬಿಡುತ್ತದೆ.

ಪೈಪಿನ ತಿರುವಿನಲ್ಲಿ ಗಾರೆ ಇಳಿದು ಜಾಗ ಕಿರಿದಾಗಿತ್ತು, ಎರಡು ಕೇಬಲ್ ಒಟ್ಟಿಗೆ ತೂರಲಿಲ್ಲ. ಗೋಡೆ ಒಡೆಸುವುದು ಯಾರಿಗೂ ಬೇಕಿರಲಿಲ್ಲ. ಕೊನೆಗೆ ಒಂದೇ ನೆಟ್‌ವರ್ಕ್ ಕೇಬಲ್ ಎಳೆದು ಅದರಲ್ಲೇ ಫೋನನ್ನೂ ಕಂಪ್ಯೂಟರನ್ನೂ ಕೂರಿಸಿದೆ. ಬಸವನಗುಡಿ, ಜಯನಗರ, ರಾಜಾಜಿನಗರ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಇರುವವರಿಗೆ ಇದೇ ಪರಿಸ್ಥಿತಿ ಎದುರಾಗಬಹುದು. ಅವರಿಗಾಗಿ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಎಂಟು ಎಳೆಗಳಲ್ಲಿ ಕೆಲಸ ಮಾಡುವುದು ನಾಲ್ಕೇ

ನಾನು ಎಳೆದ ನೆಟ್‌ವರ್ಕ್ ಕೇಬಲ್ಲಿನ ಬಗೆಗೆ ಕ್ಯಾಟ್ 5ಇ ಎನ್ನುತ್ತಾರೆ. ಅದರ ಸಿಪ್ಪೆ ಸುಲಿದರೆ ಒಳಗೆ ಎಂಟು ತಂತಿ ಇರುತ್ತವೆ. ಎರಡೆರಡು ಒಂದಕ್ಕೊಂದು ಹುರಿಗೊಂಡು ನಾಲ್ಕು ಜೋಡಿ: ಕಿತ್ತಳೆ, ಹಸಿರು, ನೀಲಿ, ಕಂದು. ಪ್ರತಿ ಜೋಡಿಯಲ್ಲೂ ಒಂದು ತಂತಿ ಪೂರ್ತಿ ಬಣ್ಣದ್ದು, ಇನ್ನೊಂದು ಬಿಳಿಯ ಮೇಲೆ ಅದೇ ಬಣ್ಣದ ಪಟ್ಟೆ ಇರುವುದು.

ಕೇಬಲ್ ಮೂಲಕ ಕಂಪ್ಯೂಟರುಗಳನ್ನು ನೆಟ್ಟಿಗೆ ಜೋಡಿಸುವ ವಿಧಾನಕ್ಕೆ ಈಥರ್‌ನೆಟ್ ಎಂದು ಹೆಸರು. 100 ಎಂಬಿಪಿಎಸ್ ವೇಗದ ಈಥರ್‌ನೆಟ್‌ಗೆ, ಅಂದರೆ 1995ರಲ್ಲಿ ನಿಗದಿಯಾದ 100ಬೇಸ್-ಟಿಎಕ್ಸ್‌ಗೆ, ಬೇಕಾದದ್ದು ಎರಡೇ ಜೋಡಿ. ಕಳಿಸಲು ಒಂದು, ತರಿಸಿಕೊಳ್ಳಲು ಒಂದು. ನೆಟ್‌ವರ್ಕ್ ಕೇಬಲ್ಲಿನ ತುದಿಗೆ ಹಾಕುವ ಆರ್‌ಜೆ45 ಪ್ಲಗ್ಗಿನಲ್ಲಿ ಅವು 1, 2, 3, 6ನೇ ಪಿನ್ನುಗಳು. 4-5ರಲ್ಲಿ ಕೂರುವ ನೀಲಿ ಜೋಡಿಯೂ 7-8ರಲ್ಲಿ ಕೂರುವ ಕಂದು ಜೋಡಿಯೂ ಸುಮ್ಮನೆ ಮಲಗಿರುತ್ತವೆ. ಫೋನಿಗೆ ಬೇಕಾದದ್ದು ಒಂದೇ ಜೋಡಿ, ಆದ್ದರಿಂದ ಆ ನೀಲಿಯನ್ನು ಅದಕ್ಕೆ ಕೊಡಬಹುದು. ಫೋನಿನ ಸಣ್ಣ ಪ್ಲಗ್ಗಿನಲ್ಲೂ ಲೈನು ಬರುವುದು ನಡುವಿನ ಎರಡು ಪಿನ್ನಿಗೇ. 4-5 ಜಾಗ ಖಾಲಿ ಉಳಿದಿರುವುದಕ್ಕೆ ಅದೂ ಒಂದು ಕಾರಣ.

ಒಂದೇ ಹೊದಿಕೆಯೊಳಗೆ ಇದ್ದರೂ ಇವು ಒಂದರ ಮಾತು ಇನ್ನೊಂದಕ್ಕೆ ಕೇಳಿಸಿಕೊಳ್ಳುವುದಿಲ್ಲ. ನಾಲ್ಕು ಜೋಡಿಗಳ ಹುರಿಯೂ ಬೇರೆ ಬೇರೆ ಬಿಗಿತದ್ದು. ಒಂದು ಜೋಡಿಯಿಂದ ಹೊಮ್ಮುವ ಅಲೆ ಪಕ್ಕದ ಜೋಡಿಯ ಎರಡೂ ತಂತಿಗೆ ಹೆಚ್ಚುಕಡಿಮೆ ಸಮನಾಗಿ ತಾಗುತ್ತದೆ. ಈಥರ್‌ನೆಟ್ ಓದುವುದು ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನು, ಹಾಗಾಗಿ ಸಮನಾಗಿ ತಾಗಿದ್ದು ತಾನಾಗಿಯೇ ಕಳೆದುಹೋಗುತ್ತದೆ. ಹಳೆಯ ಟೆಲಿಫೋನ್ ವೈರಿನಲ್ಲಿ ನೆಟ್ ಓಡಿಸಲು ಹೋಗಬೇಡಿ ಎನ್ನುವುದೂ ಇದಕ್ಕೇ. ತಾಮ್ರದ ದಪ್ಪ ಹೆಚ್ಚುಕಡಿಮೆ ಅಷ್ಟೇ ಇದ್ದರೂ ಈ ಬಿಗಿ ಹುರಿ ಅದರಲ್ಲಿ ಇರುವುದಿಲ್ಲ.

ಯಾರು ಇದನ್ನು ಮಾಡಬಾರದು

ಗಿಗಾಬಿಟ್ ಈಥರ್‌ನೆಟ್, ಅಂದರೆ 1000 ಎಂಬಿಪಿಎಸ್‌ನದು, ನಾಲ್ಕೂ ಜೋಡಿಗಳನ್ನು ಬಳಸುತ್ತದೆ. ಅಲ್ಲಿ ಫೋನಿಗೆ ಬಿಟ್ಟುಕೊಡಲು ಏನೂ ಉಳಿಯುವುದಿಲ್ಲ. ನಿಮ್ಮ ಪ್ಲಾನ್ 200, 300 ಎಂಬಿಪಿಎಸ್ ಇದ್ದು, ಆ ವೇಗ ಹಿಂದಿನ ಕೋಣೆಯ ಕಂಪ್ಯೂಟರಿಗೇ ಬೇಕು ಅಂದರೆ ಈ ದಾರಿ ಬಿಡಿ. ಕೇಬಲನ್ನು ಪೂರ್ತಿ ನೆಟ್ಟಿಗೇ ಕೊಟ್ಟು ಫೋನಿಗೆ ಕಾರ್ಡ್‌ಲೆಸ್ ತನ್ನಿ. ಅದರ ಬೇಸ್ ಓಎನ್‌ಟಿ ಪಕ್ಕದಲ್ಲೇ ಇರಲಿ, ಹ್ಯಾಂಡ್‌ಸೆಟ್ ಕೋಣೆಗೆ ಹೋಗಲಿ. ಪ್ಲಾನ್ 100ರ ಒಳಗಿದ್ದರೆ, ಅಥವಾ ಆ ಕೋಣೆಗೆ 100 ಸಾಕಾದರೆ, ಮುಂದೆ ಓದಿ. ವಿಡಿಯೊ ಮೀಟಿಂಗಿಗೂ ಮಕ್ಕಳ ಆನ್‌ಲೈನ್ ಪಾಠಕ್ಕೂ ಅದರ ಕಾಲುಭಾಗವೂ ಬೇಕಾಗುವುದಿಲ್ಲ.

ಇನ್ನೊಂದು ಸಂದರ್ಭದಲ್ಲೂ ಕೈ ಹಾಕಬೇಡಿ. ಅದೇ ಕೇಬಲ್‌ನಲ್ಲಿ ಕ್ಯಾಮೆರಾಕ್ಕೋ ತಾರಸಿಯ ಮೇಲಿನ ವೈರ್‌ಲೆಸ್ ರೇಡಿಯೊಕ್ಕೋ ಕರೆಂಟ್ ಹೋಗುತ್ತಿದೆಯೇ ನೋಡಿ. ಆ ಬಗೆಯ ಅಡಾಪ್ಟರುಗಳಲ್ಲಿ ಅನೇಕವು ಕರೆಂಟ್ ಕಳಿಸುವುದು ಇದೇ ನೀಲಿ ಮತ್ತು ಕಂದು ಜೋಡಿಗಳಲ್ಲಿ. ಅಲ್ಲಿ ಫೋನು ಸೇರಿಸಿದರೆ ಎರಡರಲ್ಲಿ ಒಂದು ಸುಡಬಹುದು.

ನಮ್ಮಲ್ಲಿ ಮೊದಲು ಆದ ತಪ್ಪು

ಮೊದಲ ಸಲ ಈ ಕೆಲಸಕ್ಕೆ ಬಂದ ಹುಡುಗ ಕೇಬಲ್ ಚೆನ್ನಾಗಿಯೇ ಎಳೆದ. ತುದಿಗಳಲ್ಲಿ ಮಾತ್ರ ಎಂಟೂ ತಂತಿ ಆರ್‌ಜೆ45 ಪ್ಲಗ್ಗಿಗೆ ಕ್ರಿಂಪ್ ಮಾಡಿ, ನಡುವೆ ಸಿಪ್ಪೆ ಸೀಳಿ ನೀಲಿ ಜೋಡಿಯಿಂದ ಫೋನಿಗೆ ಕವಲು ತೆಗೆದ. ನೆಟ್ ಬಂತು. ಅಮ್ಮನ ಫೋನಿನಲ್ಲಿ ಮಾತ್ರ ಡಯಲ್ ಟೋನ್ ಇಲ್ಲ. ಹೊರಗಿನಿಂದ ಯಾರು ಕರೆದರೂ ಎಂಗೇಜ್. ಚಿಕ್ಕಮ್ಮ ಎರಡು ದಿನ ಪ್ರಯತ್ನಿಸಿ, ಗಾಬರಿಯಾಗಿ, ಆಟೊ ಹತ್ತಿ ಮನೆಗೇ ಬಂದುಬಿಟ್ಟರು.

ಕಾರಣ ಆಮೇಲೆ ಗೊತ್ತಾಯಿತು. ಕಂಪ್ಯೂಟರಿನ ಅಥವಾ ಓಎನ್‌ಟಿಯ ನೆಟ್‌ವರ್ಕ್ ಕಿಂಡಿಯೊಳಗೆ 4 ಮತ್ತು 5ನೇ ಪಿನ್ನುಗಳ ನಡುವೆ ನೇರ ದಾರಿ ಇರುತ್ತದೆ. 100 ಎಂಬಿಪಿಎಸ್ ಕಿಂಡಿಗಳಲ್ಲಿ ಸಾಮಾನ್ಯವಾಗಿ ಆ ಎರಡನ್ನೂ ಒಳಗೇ ಸೇರಿಸಿಬಿಟ್ಟಿರುತ್ತಾರೆ. ಗಿಗಾಬಿಟ್ ಕಿಂಡಿಯಲ್ಲಿ ಅವುಗಳ ನಡುವೆ ಪುಟ್ಟ ಟ್ರಾನ್ಸ್‌ಫಾರ್ಮರಿನ ಸುರುಳಿ ಇರುತ್ತದೆ, ಡಿಸಿ ಕರೆಂಟಿಗೆ ಅದೂ ತಂತಿಯೇ. ಫೋನ್ ಲೈನಿಗೆ ಇದು ರಿಸೀವರ್ ಎತ್ತಿಟ್ಟ ಹಾಗೆಯೇ ಕಾಣುತ್ತದೆ. ಎಂಗೇಜ್ ಆಗದೆ ಇನ್ನೇನಾದೀತು? ನೋವಿನ ಸಂಗತಿ ಅಂದರೆ ಕೇಡು ಅಷ್ಟಕ್ಕೇ ನಿಲ್ಲದಿರಬಹುದು. ಫೋನ್ ಲೈನಿನಲ್ಲಿ ಸುಮ್ಮನಿರುವಾಗ ಸುಮಾರು 48 ವೋಲ್ಟ್ ಡಿಸಿ ಇರುತ್ತದೆ. ಹಳೆಯ ಎಕ್ಸ್‌ಚೇಂಜ್ ಲೈನುಗಳಲ್ಲಿ ಗಂಟೆ ಬಾರಿಸುವಾಗ ಅದರ ಮೇಲೆ 75 ವೋಲ್ಟಿನ ಆಸುಪಾಸಿನ ಎಸಿ ಹರಿಯುತ್ತದೆ. ನೆಟ್‌ವರ್ಕ್ ಕಿಂಡಿಯ ಒಳಗಿನ ಕೂದಲೆಳೆಯಂಥ ಸುರುಳಿಗಳು ಇದಕ್ಕಾಗಿ ಮಾಡಿದವಲ್ಲ.

ಆದ್ದರಿಂದ ಈ ಕೆಲಸಕ್ಕೆಲ್ಲ ನಿಯಮ ಒಂದೇ: ಫೋನಿನ ಜೋಡಿ ಎಂದೂ ಯಾವ ನೆಟ್‌ವರ್ಕ್ ಕಿಂಡಿಗೂ ಮುಟ್ಟಬಾರದು. ಬೇರ್ಪಡಿಸುವುದು ಗೋಡೆಯ ಡಬ್ಬಿಯಲ್ಲೇ, ಎರಡೂ ತುದಿಯಲ್ಲಿ ಆಗಬೇಕು.

ಏನೇನು ತರಬೇಕು

ಟೌನ್ ಹಾಲ್ ಕಡೆಯಿಂದ ನಡೆದು ಹೋದರೆ ಸಿಗುವ ಎಸ್‌ಪಿ ರಸ್ತೆಯಲ್ಲಿ, ನಮ್ಮ ಸಾದರ ಪತ್ರಪ್ಪ ರಸ್ತೆಯಲ್ಲಿ, ಎಲ್ಲವೂ ಒಂದೇ ಸುತ್ತಿನಲ್ಲಿ ಸಿಗುತ್ತವೆ. ಕ್ಯಾಟ್ 5ಇ ಕೇಬಲನ್ನು 305 ಮೀಟರಿನ ಪೂರ್ತಿ ಪೆಟ್ಟಿಗೆ ಕೊಳ್ಳಬೇಕಿಲ್ಲ, ಮೀಟರ್ ಲೆಕ್ಕದಲ್ಲೂ ಕತ್ತರಿಸಿ ಕೊಡುವ ಅಂಗಡಿಗಳಿವೆ. ಕ್ಯಾಟ್ 6 ತುಸು ದಪ್ಪ, ನಡುವೆ ಪ್ಲಾಸ್ಟಿಕ್ಕಿನ ಬೆನ್ನೆಲುಬು ಬೇರೆ. ಕಿರಿದಾದ ಪೈಪಿಗೆ 5ಇ ಒಳ್ಳೆಯದು, 100 ಎಂಬಿಪಿಎಸ್‌ಗೆ ಅದರಿಂದ ಕೊರತೆ ಏನೂ ಇಲ್ಲ.

ಇಲ್ಲಿ ಒಂದು ವಿಷಯದಲ್ಲಿ ಹಟ ಹಿಡಿಯಿರಿ. ಕೇಬಲ್ ಪೂರ್ತಿ ತಾಮ್ರದ್ದೇ ಆಗಿರಬೇಕು. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಕೊಟ್ಟ ಅಗ್ಗದ ಕೇಬಲ್ ಧಾರಾಳವಾಗಿ ಸಿಗುತ್ತದೆ. ಅಂಗಡಿಯಲ್ಲೇ ಒಂದು ಎಳೆಯ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಅದು ಜ್ಯಾಕಿನಲ್ಲಿ ಒತ್ತುವಾಗ ಮುರಿಯುತ್ತದೆ. ಆಗ ಮುರಿಯದಿದ್ದರೆ ವರ್ಷ ಕಳೆದ ಮೇಲೆ ಮುರಿಯುತ್ತದೆ, ಆಗ ತಪ್ಪು ಎಲ್ಲಿದೆಯೆಂದು ಹುಡುಕಿ ಹುಡುಕಿ ಸಾಕಾಗುತ್ತದೆ.

ಉಳಿದದ್ದು ಇಷ್ಟು: ಗೋಡೆಯ ಡಬ್ಬಿ ಮುಚ್ಚುವ, ಎರಡು ಕಿಂಡಿಯ ಫೇಸ್‌ಪ್ಲೇಟ್ ಎರಡು, ಅದರ ಕಿಂಡಿಯಲ್ಲಿ ಕೂರುವ ನೆಟ್ಟಿನ ಆರ್‌ಜೆ45 ಕೀಸ್ಟೋನ್ ಜ್ಯಾಕ್ ಎರಡು, ಫೋನಿನ ಆರ್‌ಜೆ11 ಕೀಸ್ಟೋನ್ ಜ್ಯಾಕ್ ಎರಡು, ತಂತಿಯನ್ನು ಜ್ಯಾಕಿನ ಸೀಳಿಗೆ ಒತ್ತುವ ಪಂಚಿಂಗ್ ಟೂಲ್ ಒಂದು, ತಂತಿಗಳು ಸರಿಯಾಗಿ ಸೇರಿವೆಯೇ ತೋರಿಸುವ ಲ್ಯಾನ್ ಟೆಸ್ಟರ್ ಒಂದು, ಎರಡೂ ತುದಿಗೆ ಪ್ಲಗ್ ಇರುವ ರೆಡಿ ಪ್ಯಾಚ್ ಕಾರ್ಡುಗಳು, ಫೋನಿನ ಎರಡು ಪುಟ್ಟ ಕಾರ್ಡುಗಳು. ಜೊತೆಗೆ ಐದು ಕಿಂಡಿಯ, 100 ಎಂಬಿಪಿಎಸ್‌ನ ಸಣ್ಣ ನೆಟ್‌ವರ್ಕ್ ಸ್ವಿಚ್, ಅಂದರೆ ಒಂದು ಕೇಬಲ್ಲಿನ ನೆಟ್ಟನ್ನು ಹಲವು ಕಿಂಡಿಗೆ ಹಂಚುವ ಡಬ್ಬಿ, ಒಂದು. ಗಿಗಾಬಿಟ್ ಸ್ವಿಚ್ಚೇ ತಗೊಳ್ಳಿ ಎಂದು ಅಂಗಡಿಯವರು ಒತ್ತಾಯಿಸಬಹುದು, ಬೇಡ ಅನ್ನಿ. ಯಾಕೆಂದು ಮುಂದೆ ಹೇಳುತ್ತೇನೆ.

ಕೇಬಲ್ ಎಳೆಯುವುದು

ಪೈಪಿನಲ್ಲಿರುವ ಹಳೆಯ ಟೆಲಿಫೋನ್ ವೈರನ್ನೇ ದಾರವಾಗಿ ಬಳಸಿ. ಅದಕ್ಕೂ ಮೊದಲು, ಹೊರಗಿನ ಕಂಬದಿಂದ ಬರುವ ಹಳೆಯ ತಾಮ್ರದ ಲೈನನ್ನು ಮನೆಯ ವೈರಿಂಗಿನಿಂದ ಪೂರ್ತಿ ಬಿಡಿಸಿ, ತುದಿಗಳಿಗೆ ಟೇಪು ಸುತ್ತಿ. ಇದನ್ನು ಮರೆಯುವಂತಿಲ್ಲ. ಓಎನ್‌ಟಿ ತಾನೇ ಲೈನಿಗೆ ವೋಲ್ಟೇಜ್ ಕೊಡುತ್ತದೆ. ಎಕ್ಸ್‌ಚೇಂಜಿನ ಲೈನಿನಲ್ಲಿ ಇನ್ನೂ ಜೀವ ಇದ್ದರೆ ಎರಡೂ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ, ಪೆಟ್ಟು ತಿನ್ನುವುದು ಓಎನ್‌ಟಿ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಕಂಬದ ತಂತಿ ಹಿಡಿದು ಒಳಗೆ ಬರುವ ಸಿಡಿಲಿನ ಪೆಟ್ಟಿಗೂ, ಹೀಗೆ ಬಿಡಿಸಿದರೆ, ದಾರಿ ಮುಚ್ಚುತ್ತದೆ. ಫೈಬರ್ ಗಾಜಿನದು, ಅದರೊಳಗೆ ಆ ಪೆಟ್ಟು ಬರುವುದಿಲ್ಲ.

ಹಳೆಯ ವೈರಿನ ತುದಿಗೆ ಹೊಸ ಕೇಬಲ್ಲಿನ ಎರಡು ಜೋಡಿಯನ್ನು ಹೆಣೆದು, ಮೇಲೆ ನುಣ್ಣಗೆ ಟೇಪು ಸುತ್ತಿ. ಗಂಟು ಉಬ್ಬಿದರೆ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕೇಬಲ್ಲಿನ ಮೇಲೆ ಟಾಲ್ಕಂ ಪೌಡರ್ ಸವರಿದರೆ ಸಲೀಸು. ಒಬ್ಬರು ಎಳೆಯಲಿ, ಇನ್ನೊಬ್ಬರು ಆ ಕಡೆಯಿಂದ ನೂಕುತ್ತಿರಲಿ. ಹತ್ತು ಹನ್ನೊಂದು ಕೇಜಿ ತೂಕಕ್ಕಿಂತ ಹೆಚ್ಚಿನ ಬಲ ಹಾಕಿದರೆ ಒಳಗಿನ ಹುರಿ ಸಡಿಲವಾಗುತ್ತದೆ. ಅಷ್ಟಕ್ಕೂ ಬರದಿದ್ದರೆ ವಾಪಸ್ ಸರಿಸಿ ಮತ್ತೆ ಪ್ರಯತ್ನಿಸಿ. ಎರಡೂ ತುದಿಯಲ್ಲಿ ಒಂದೊಂದು ಗೇಣು ಹೆಚ್ಚಿಗೆ ಬಿಡಿ.

ಆ ಪೈಪಿನಲ್ಲಿ 230 ವೋಲ್ಟಿನ ಕರೆಂಟ್ ವೈರ್ ಓಡುತ್ತಿದ್ದರೆ ಈ ಕೆಲಸವನ್ನೇ ಬಿಡಿ. ಅದರ ಜೊತೆ ನೆಟ್‌ವರ್ಕ್ ಕೇಬಲನ್ನಾಗಲಿ ಫೋನ್ ಕೇಬಲನ್ನಾಗಲಿ ಎಂದೂ ಸೇರಿಸಬಾರದು.

ತುದಿ ಕಟ್ಟುವುದು

ನಿಜವಾದ ಕೆಲಸ ಇಲ್ಲಿದೆ, ನಿಧಾನವಾಗಿ ಮಾಡಿ. ಮೊದಲು ಓಎನ್‌ಟಿಯಿಂದ ಫೋನಿನ ಕಾರ್ಡು ಕಿತ್ತಿಡಿ. ಬರಿಗೈಯಲ್ಲಿ ತಂತಿ ಹಿಡಿದಿರುವಾಗ ಯಾರಾದರೂ ಫೋನ್ ಮಾಡಿದರೆ ಚುರುಕ್ ಎನ್ನುತ್ತದೆ.

ಗೋಡೆಯ ಡಬ್ಬಿಯಲ್ಲಿ ಕೇಬಲ್ಲಿನ ಹೊರ ಸಿಪ್ಪೆಯನ್ನು ಎರಡು ಇಂಚಿನಷ್ಟು ಸುಲಿಯಿರಿ. ಆರ್‌ಜೆ45 ಜ್ಯಾಕಿನ ಪಕ್ಕದಲ್ಲಿ ಎ ಮತ್ತು ಬಿ ಎಂದು ಎರಡು ಬಣ್ಣದ ಪಟ್ಟಿ ಅಂಟಿಸಿರುತ್ತಾರೆ. ನಾನು ಬಿ ಪಟ್ಟಿ ಹಿಡಿದೆ, ಅಂದರೆ ಟಿ568ಬಿ. ಅದರಲ್ಲಿ 1 ಬಿಳಿ-ಕಿತ್ತಳೆ, 2 ಕಿತ್ತಳೆ, 3 ಬಿಳಿ-ಹಸಿರು, 6 ಹಸಿರು. ಈ ನಾಲ್ಕನ್ನು ಮಾತ್ರ ಒತ್ತಿ. 4, 5, 7, 8ರ ಸೀಳುಗಳು ಖಾಲಿಯೇ ಇರಲಿ. ನೀವು ಎ ಹಿಡಿದರೂ ತೊಂದರೆಯಿಲ್ಲ, ಎರಡೂ ತುದಿಯಲ್ಲಿ ಒಂದೇ ಇರಬೇಕು ಅಷ್ಟೆ.

ಹುರಿಯನ್ನು ಜ್ಯಾಕಿನ ತೀರಾ ಹತ್ತಿರದವರೆಗೂ ಹಾಗೇ ಕಾಪಾಡಿ. ಬಿಚ್ಚಿದ ಭಾಗ ಅರ್ಧ ಇಂಚು ಮೀರಬಾರದು. ನೋಡಲು ನೀಟಾಗಲಿ ಎಂದು ಒಂದೂವರೆ ಎರಡು ಇಂಚು ಬಿಚ್ಚಿ ನೇರ ಮಾಡುವ ಅಭ್ಯಾಸ ಅನೇಕರಿಗಿದೆ. ಬೇರೆ ಕಡೆ ಅದು ಹೇಗೋ ನಡೆದುಹೋಗುತ್ತದೆ. ಪಕ್ಕದಲ್ಲೇ ಫೋನಿನ ಗಂಟೆ ಹರಿಯುವ ಈ ಕೇಬಲ್‌ನಲ್ಲಿ ನಡೆಯುವುದಿಲ್ಲ.

ಆಮೇಲೆ ನೀಲಿ ಜೋಡಿ. ಅದನ್ನು ಆರ್‌ಜೆ11 ಜ್ಯಾಕಿನ ನಡುವಿನ ಎರಡು ಸೀಳುಗಳಿಗೆ ಒತ್ತಿ. ನೀಲಿ ಯಾವ ಕಡೆ, ಬಿಳಿ-ನೀಲಿ ಯಾವ ಕಡೆ ಎಂದು ಒಂದು ಫೋಟೊ ತೆಗೆದುಕೊಂಡು ಆ ಕೋಣೆಯಲ್ಲೂ ಹಾಗೇ ಮಾಡಿ. ಇಂದಿನ ಫೋನುಗಳಿಗೆ ಅದಲುಬದಲಾದರೂ ನಡೆಯುತ್ತದೆ, ಕೆಲವು ಹಳೆಯ ಸೆಟ್ಟುಗಳು ಮಾತ್ರ ಉಲ್ಟಾ ಲೈನಿನಲ್ಲಿ ಡಯಲ್ ಮಾಡಲು ಒಪ್ಪುವುದಿಲ್ಲ. ಫೋನಿಗೂ ಆರ್‌ಜೆ45 ಜ್ಯಾಕನ್ನೇ ಹಾಕುವವರಿದ್ದಾರೆ, ಸಣ್ಣ ಪ್ಲಗ್ ಅದರೊಳಗೂ ಕೂರುತ್ತದೆ. ನಾನು ಬೇಡ ಅನ್ನುತ್ತೇನೆ. ಸಣ್ಣ ಪ್ಲಗ್ಗಿನ ಅಂಚು ಕೊನೆಯ ಪಿನ್ನುಗಳನ್ನು ಬಗ್ಗಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಕಿಂಡಿ ನೆಟ್ಟಿನದ್ದೆಂದು ತಿಳಿದು ಮುಂದೆ ಯಾರಾದರೂ ಲ್ಯಾಪ್‌ಟಾಪ್ ಚುಚ್ಚಬಹುದು. ಬೇರೆ ಅಳತೆಯ ಕಿಂಡಿ ಇದ್ದರೆ ತಪ್ಪು ಮಾಡಲು ಅವಕಾಶವೇ ಇಲ್ಲ.

ಕಂದು ಜೋಡಿಯನ್ನು ಕತ್ತರಿಸಬೇಡಿ. ಸುತ್ತಿ ಡಬ್ಬಿಯೊಳಗೆ ಮಡಚಿಡಿ. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಇಂಟರ್‌ಕಾಮ್ ಅನ್ನು ಕೋಣೆಗೆ ಒಯ್ಯಲು ಅದೇ ಆಗುತ್ತದೆ, ಏಕೆಂದರೆ ಸಾಮಾನ್ಯ ಇಂಟರ್‌ಕಾಮ್ ಕೂಡ ಎರಡು ತಂತಿಯ ಫೋನೇ. ಫ್ಲಾಟಿನ ಒಳಗೆ ಮಾತ್ರ ಮಾಡಿ. ಶಾಫ್ಟಿನಲ್ಲಿರುವ ಕಟ್ಟಡದ ಜಂಕ್ಷನ್ ಬಾಕ್ಸಿಗೆ ಕೈ ಹಾಕಿದರೆ ಇಡೀ ಮಹಡಿಯ ಲೈನು ಕೆಡಬಹುದು.

100ಕ್ಕೆ ಕಟ್ಟಿಹಾಕುವುದು

ಈಗಿನ ಓಎನ್‌ಟಿಯೂ ಲ್ಯಾಪ್‌ಟಾಪೂ ಬಹುಪಾಲು ಗಿಗಾಬಿಟ್ಟಿನವು. ಕೇಬಲ್ ಸಿಕ್ಕಿಸಿದ ಕೂಡಲೇ ಎರಡೂ ಪರಸ್ಪರ ವಿಚಾರಿಸಿಕೊಳ್ಳುತ್ತವೆ. ಆ ವಿಚಾರಣೆ ನಡೆಯುವುದು ಕಿತ್ತಳೆ ಮತ್ತು ಹಸಿರು ಜೋಡಿಗಳಲ್ಲಿ. ಹಾಗಾಗಿ ಉಳಿದೆರಡು ಜೋಡಿ ಇಲ್ಲವೆನ್ನುವುದು ಅವಕ್ಕೆ ಗೊತ್ತಾಗದು. "ಸರಿ, ಗಿಗಾಬಿಟ್" ಎಂದು ಒಪ್ಪಿಕೊಂಡು ಮುಂದಕ್ಕೆ ಹೋಗಿ, ನಾಲ್ಕು ಜೋಡಿ ಸಿಗದೆ ಬೀಳುತ್ತವೆ. ಮತ್ತೆ ವಿಚಾರಣೆ, ಮತ್ತೆ ಬೀಳುವುದು. ಕೆಲವು ಚಿಪ್ಪುಗಳು ಎರಡು ಮೂರು ಸಲ ಸೋತ ಮೇಲೆ ತಾವಾಗಿಯೇ 100ಕ್ಕೆ ಇಳಿಯುತ್ತವೆ, ಕೆಲವು ಇಳಿಯುವುದಿಲ್ಲ. ಕೇಬಲ್ ಸರಿಯಿದ್ದೂ ದೀಪ ಹೊತ್ತಿ ಆರಿ ಹೊತ್ತಿ ಆರುತ್ತಿದ್ದರೆ ಕಾರಣ ಇದೇ.

ಕಂಪ್ಯೂಟರಿನ ಸೆಟ್ಟಿಂಗಿನಲ್ಲಿ 100 ಫುಲ್ ಡ್ಯುಪ್ಲೆಕ್ಸ್ (ಒಂದೇ ಹೊತ್ತಿಗೆ ಕಳಿಸುವುದೂ ತರಿಸಿಕೊಳ್ಳುವುದೂ) ಎಂದು ಕಟ್ಟಿಹಾಕಬಹುದು ಎಂದು ಹಲವರು ಹೇಳುತ್ತಾರೆ. ಅದರಲ್ಲೊಂದು ಮೋಸವಿದೆ. ಹಾಗೆ ಕಟ್ಟಿದಾಗ ಈ ಕಡೆಯ ಕಿಂಡಿ ವಿಚಾರಣೆಯನ್ನೇ ನಿಲ್ಲಿಸಿದರೆ, ಆ ಕಡೆಯ ಓಎನ್‌ಟಿ ವೇಗ 100 ಎಂದು ಊಹಿಸುತ್ತದೆಯೇ ಹೊರತು ಡ್ಯುಪ್ಲೆಕ್ಸನ್ನು ಊಹಿಸಲಾರದು. ನಿಯಮದಂತೆ ಹಾಫ್ ಡ್ಯುಪ್ಲೆಕ್ಸ್‌ಗೆ, ಅಂದರೆ ಒಮ್ಮೆಗೆ ಎರಡರಲ್ಲಿ ಒಂದನ್ನೇ ಮಾಡುವ ಬಗೆಗೆ, ಇಳಿಯುತ್ತದೆ. ಒಂದು ಕಡೆ ಫುಲ್, ಇನ್ನೊಂದು ಕಡೆ ಹಾಫ್. ನೆಟ್ ಇರುತ್ತದೆ, ಆದರೆ ದೊಡ್ಡ ಫೈಲ್ ಇಳಿಸುವಾಗ ಆಮೆಯಂತೆ ತೆವಳುತ್ತದೆ.

ಅದಕ್ಕೇ ಆ 100 ಎಂಬಿಪಿಎಸ್ ಸ್ವಿಚ್. ಕೋಣೆಯ ಕಡೆ ಗೋಡೆಯ ಕಿಂಡಿಯಿಂದ ಮೊದಲು ಸ್ವಿಚ್ಚಿಗೆ, ಅಲ್ಲಿಂದ ಕಂಪ್ಯೂಟರಿಗೆ ಜೋಡಿಸಿ. ಅದು ಗಿಗಾಬಿಟ್ ಮಾತನ್ನೇ ಎತ್ತುವುದಿಲ್ಲ. ಓಎನ್‌ಟಿ ಕೇಳಿದಾಗ "ನನಗೆ ಬರುವುದು 100 ಫುಲ್" ಎಂದು ಸರಿಯಾಗಿಯೇ ಉತ್ತರಿಸುತ್ತದೆ. ಯಾವ ಸೆಟ್ಟಿಂಗೂ ಮುಟ್ಟಬೇಕಿಲ್ಲ. ನಾಳೆ ಬೇರೆ ಲ್ಯಾಪ್‌ಟಾಪ್ ತಂದರೂ ತೊಂದರೆಯಿಲ್ಲ. ಟಿವಿಗೆ, ಪ್ರಿಂಟರಿಗೆ ಕಿಂಡಿಗಳು ಉಳಿಯುವುದು ಮೇಲಿನ ಲಾಭ.

ಪರೀಕ್ಷೆ

ಫೋನಿನ ಕಾರ್ಡು ಇನ್ನೂ ಹೊರಗೇ ಇರಲಿ. ಲ್ಯಾನ್ ಟೆಸ್ಟರನ್ನು ಎರಡೂ ಕಡೆಯ ಆರ್‌ಜೆ45 ಕಿಂಡಿಗೆ ಹಾಕಿ. 1, 2, 3, 6 ದೀಪಗಳು ಅದೇ ಕ್ರಮದಲ್ಲಿ ಹೊತ್ತಬೇಕು, 4, 5, 7, 8 ಹೊತ್ತಬಾರದು. ಅವುಗಳಲ್ಲಿ ಒಂದು ಹೊತ್ತಿದರೂ ಜ್ಯಾಕ್ ಬಿಚ್ಚಿ ನೋಡಿ.

ಆಮೇಲೆ ಟೆಸ್ಟರ್ ತೆಗೆದು ಎಲ್ಲವನ್ನೂ ಜೋಡಿಸಿ. ಪ್ಲಾನ್ 100 ಅಥವಾ ಹೆಚ್ಚಿನದಾದರೆ, ವೇಗ ಅಳೆದಾಗ 93ರಿಂದ 95 ಎಂಬಿಪಿಎಸ್ ಬರಬೇಕು, 100ರ ಕೇಬಲ್ ಕೊಡುವುದು ಅಷ್ಟೇ. 9 ಚಿಲ್ಲರೆ ಬಂದರೆ ಲಿಂಕ್ 10ಕ್ಕೆ ಇಳಿದಿದೆ ಎಂದರ್ಥ, ಯಾವುದೋ ಎಳೆ ಸರಿಯಾಗಿ ಕಚ್ಚಿಲ್ಲ.

ಕೊನೆಯ ಪರೀಕ್ಷೆಯನ್ನು ಬಿಡಬೇಡಿ. ಕಂಪ್ಯೂಟರಿನಲ್ಲಿ ಓಎನ್‌ಟಿಯ ವಿಳಾಸಕ್ಕೆ ನಿರಂತರ ಪಿಂಗ್ ಹಚ್ಚಿ, ಅಂದರೆ ಸಣ್ಣ ಸಂದೇಶ ಕಳಿಸಿ ಉತ್ತರ ಬರುತ್ತಿದೆಯೇ ಎಂದು ಮತ್ತೆ ಮತ್ತೆ ನೋಡುವ ಆಜ್ಞೆ ಕೊಡಿ. ಅದು ಓಡುತ್ತಿರುವಾಗ ಮೊಬೈಲಿನಿಂದ ಲ್ಯಾಂಡ್‌ಲೈನಿಗೆ ಕರೆ ಮಾಡಿ ಹತ್ತು ಹನ್ನೆರಡು ಸಲ ಗಂಟೆ ಹೊಡೆಯಲು ಬಿಡಿ. ಎತ್ತಿ, ಇಟ್ಟು, ಮತ್ತೆ ಎತ್ತಿ. ಆ ಎತ್ತುವ ಕ್ಷಣದಲ್ಲೇ ಲೈನಿನಲ್ಲಿ ಜೋರು ಏರುಪೇರು ಆಗುವುದು. ಪಿಂಗ್ ಒಂದೂ ತಪ್ಪದಿದ್ದರೆ ತುದಿ ಚೆನ್ನಾಗಿ ಕಟ್ಟಿದ್ದೀರಿ. ತಪ್ಪಿದರೆ ಹುರಿ ಹೆಚ್ಚು ಬಿಚ್ಚಿಕೊಂಡ ತುದಿಯನ್ನು ಕತ್ತರಿಸಿ ಮತ್ತೆ ಒತ್ತಿ. ಹೆಚ್ಚಿಗೆ ಬಿಟ್ಟ ಗೇಣು ಕೇಬಲ್ ಇರುವುದು ಇದಕ್ಕೇ.

ಅಮ್ಮನ ಸೆಟ್ಟು ಐಟಿಐಯದು, ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ನದು, 1948ರಲ್ಲಿ ಶುರುವಾದ ನಮ್ಮ ದೂರವಾಣಿನಗರದ ಕಾರ್ಖಾನೆಯದು. ಕರೆ ಬರುತ್ತಿತ್ತು, ಹೊರಗೆ ಡಯಲ್ ಆಗುತ್ತಿರಲಿಲ್ಲ. ಅಂಥ ಬಟನ್ ಸೆಟ್ಟುಗಳ ತಳದಲ್ಲೋ ಪಕ್ಕದಲ್ಲೋ ಪಲ್ಸ್-ಟೋನ್ ಎಂಬ ಪುಟ್ಟ ಗುಂಡಿ ಇರುತ್ತದೆ, ಅದನ್ನು ಟೋನ್ ಕಡೆಗೆ ಸರಿಸಿ. ತುಂಬಾ ಓಎನ್‌ಟಿಗಳಿಗೆ ಪಲ್ಸ್ ಡಯಲಿಂಗ್ ಅರ್ಥವಾಗುವುದಿಲ್ಲ. ಬೆರಳು ಹಾಕಿ ತಿರುಗಿಸುವ ಇನ್ನೂ ಹಳೆಯ ಸೆಟ್ಟಿದ್ದರೆ ಅದು ಕರೆ ತೆಗೆದುಕೊಳ್ಳಲು ಮಾತ್ರ ಆದೀತು. ಲೋಹದ ಗಂಟೆಯ ಹಳೆಯ ಸೆಟ್ಟುಗಳನ್ನು ಒಂದೇ ಲೈನಿಗೆ ಮೂರು ನಾಲ್ಕು ಹಾಕಬೇಡಿ, ಓಎನ್‌ಟಿಗೆ ಅಷ್ಟನ್ನೂ ಬಾರಿಸುವ ಶಕ್ತಿ ಇರುವುದಿಲ್ಲ.

ಮನೆಯಲ್ಲಿ ವಯಸ್ಸಾದವರು ಇದ್ದರೆ ಇದೊಂದನ್ನು ತಪ್ಪದೆ ಮಾಡಿ. ಹಳೆಯ ಲ್ಯಾಂಡ್‌ಲೈನಿಗೆ ಕರೆಂಟ್ ಬರುತ್ತಿದ್ದುದು ಎಕ್ಸ್‌ಚೇಂಜಿನಿಂದ, ಬೀದಿಯೆಲ್ಲ ಕತ್ತಲಾದರೂ ಫೋನು ಬದುಕಿರುತ್ತಿತ್ತು. ಈಗ ಓಎನ್‌ಟಿ ಆರಿದರೆ ಫೋನೂ ಆರುತ್ತದೆ. ಮನೆಗೆ ಇನ್ವರ್ಟರ್ ಇದ್ದರೆ ಓಎನ್‌ಟಿಯ ಪ್ಲಗ್ ಅದರ ಲೈನಿನಲ್ಲಿದೆಯೇ ನೋಡಿ. ಇಲ್ಲದಿದ್ದರೆ ರೌಟರಿಗೆಂದೇ ಬರುವ ಪುಟ್ಟ ಯುಪಿಎಸ್ ಹಾಕಿ. ಓಎನ್‌ಟಿಯ ಅಡಾಪ್ಟರಿನ ಮೇಲೆ ಬರೆದ ವೋಲ್ಟೇಜಿಗೆ ಅದು ಹೊಂದಬೇಕು.

ಫೇಸ್‌ಪ್ಲೇಟ್ ಮುಚ್ಚುವ ಮುನ್ನ

ನಾನು ಎರಡೂ ಡಬ್ಬಿಯೊಳಗೆ ಒಂದೊಂದು ಚೀಟಿ ಮಡಚಿಟ್ಟಿದ್ದೇನೆ: "ನೀಲಿ ಜೋಡಿ ಫೋನ್. 48 ವೋಲ್ಟ್ ಇದೆ. ಆರ್‌ಜೆ45ಗೆ ಸೇರಿಸಬೇಡಿ. ನೆಟ್ 100 ಮಾತ್ರ." ಮುಂದೆ ರಿಪೇರಿಗೆ ಬರುವವರಿಗೆ ನಾಲ್ಕು ಸೀಳು ಖಾಲಿ ಕಂಡರೆ, ಯಾರೋ ಅರ್ಧಕ್ಕೆ ಬಿಟ್ಟ ಕೆಲಸ ಎಂದೇ ಅನ್ನಿಸುತ್ತದೆ. ಒಳ್ಳೆಯ ಮನಸ್ಸಿನಿಂದಲೇ ನೀಲಿಯನ್ನೂ ಒತ್ತಿಬಿಡುತ್ತಾರೆ. ಹೊರಗೆ ಕಿಂಡಿಗಳ ಮೇಲೂ ಫೋನ್, ನೆಟ್ ಎಂದು ಅಂಟಿಸಿ.

ಮುಂದೊಂದು ದಿನ ಕೋಣೆಗೆ ಗಿಗಾಬಿಟ್ ಬೇಕೆನಿಸಿದರೆ ಗೋಡೆಯೊಳಗಿನ ಕೇಬಲ್ ಬದಲಿಸಬೇಕಾಗಿಲ್ಲ. ಓಎನ್‌ಟಿ ಕಡೆ ಫೋನಿನ ಕಾರ್ಡು ಕಿತ್ತು, ಎರಡೂ ಡಬ್ಬಿಯಲ್ಲಿ ಆರ್‌ಜೆ11ರಿಂದ ನೀಲಿಯನ್ನು ಬಿಡಿಸಿ 4-5ಕ್ಕೆ, ಮಡಚಿಟ್ಟ ಕಂದನ್ನು ಬಿಡಿಸಿ 7-8ಕ್ಕೆ ಒತ್ತಿ. ಬಿ ಪಟ್ಟಿಯಲ್ಲಿ 4 ನೀಲಿ, 5 ಬಿಳಿ-ನೀಲಿ, 7 ಬಿಳಿ-ಕಂದು, 8 ಕಂದು. ಸಣ್ಣ ಸ್ವಿಚ್ಚಿನ ಜಾಗಕ್ಕೆ ಗಿಗಾಬಿಟ್ಟಿನದು ತನ್ನಿ, ಫೋನಿಗೆ ಕಾರ್ಡ್‌ಲೆಸ್ ತನ್ನಿ, ಚೀಟಿಯನ್ನೂ ಬದಲಿಸಿ.